ಮಯತ ಅಂತ ಬರೆದ ದಿನ

ಅಜ್ಜ ತೀರಿಕೊಂಡ ವರ್ಷವೇ ಹುಟ್ಟಿದ ನನಗೆ ಅವನ ಹೆಸರನ್ನೇ ಇಟ್ಟಿದ್ದರು. ಗಂಡನ ಹೆಸರು ಬಾಯಲ್ಲಿ ತರಬಾರದೆಂದು ಅಜ್ಜಿ ನನ್ನನ್ನು ಎಂದೂ ಹೆಸರು ಹಿಡಿದು ಕರೆದವಳಲ್ಲ. ಬರೀ "ತಮ್ಮಾ" ಅನ್ನುತ್ತಿದ್ದಳು.

ಎಂಬತ್ತರ ದಶಕದ ಕೊನೆಯಲ್ಲೂ ಹೊಲ ಅಜ್ಜನ ಹೆಸರಿನಲ್ಲೇ ಇತ್ತು. ವಾರಸಾ ಮಾಡಿಸಿ ಅದನ್ನು ನಮ್ಮ ಹೆಸರಿಗೆ ಹಚ್ಚಿಸಲು ಬ್ಯಾಡಗಿಯ ತಹಶೀಲ್ದಾರ ಕಚೇರಿಗೆ ಹೋದೆ. ಗುಮಾಸ್ತ ಆ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ "ಮಯತ" ಎಂದು ಬರೆದ.

"ಹಂಗಂದ್ರೇನ್ರೀ?"

"ಸತ್ತಾರ ಅಂತ. ಇದನ್ನ ಬರಿಯೂತನಕಾ ಸರಕಾರದಾಗ ಯಾರೂ ಸಾಯೂದಿಲ್ಲ."

ಬೇರೆ ಶಾಯಿ ಇರಲಿಲ್ಲವೇ ಅವನಿಗೆ! ನನ್ನದೇ ಹೆಸರಿನ ಪಕ್ಕ ಆ ಪದ ಹಸಿಹಸಿಯಾಗಿ ಹೊಳೆಯುತ್ತಿತ್ತು.

ಸಂಜೆ ಅಜ್ಜಿಗೆ ಹೇಳಿದೆ. ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದ ಕೈ ನಿಂತಿತು. ಆಮೇಲೆ ಮೆಲ್ಲಗೆ, ಮೊದಲ ಸಲ, ಆ ಹೆಸರು ಹಿಡಿದು ಕರೆದಳು.

"ಓ," ಅಂದೆ.

"ನಿನಗಲ್ಲೋ ತಮ್ಮಾ, ಸುಮ್ಮನಿರು," ಅಂದಳು, ಖಾಲಿ ಬಾಗಿಲನ್ನೇ ನೋಡುತ್ತ.