ಬದುವಿನ ಮ್ಯಾಲೆ ನಿಂದರಾಕಿ

ನಮ್ಮ ಬಮ್ಮಿಗಟ್ಟ್ಯಾಗ ಮನಿಮನಿಗೆ ನಳದ ನೀರು ಬಿಡಾಂವ ಮುನಾಫ್, ಪಂಚಾಯ್ತಿ ವಾಟರ್‌ಮನ್. ಹತ್ತು ಮಿನಿಟ್ ತಡ ಆದ್ರ ಊರ ಹೆಂಗಸರೆಲ್ಲ ಅವನ ಹೆಸರು ಹಿಡದು ಬೈತೇವಿ, ಅದರಾಗ ನಂದ ದನಿ ಜೋರು. ಅವಗ ನಲವತ್ತೊಂದು ವಯಸ್ಸು, ಕಡ್ಡಿಹಂಗ ಮೈ. ದಿನಾ ಸೈಕಲ್ ಮ್ಯಾಲೆ ವಾಲ್ವಿಂದ ವಾಲ್ವಿಗೆ ತಿರಗತಾನ. ಒಂದು ದಿನ ಹುಬ್ಬಳ್ಳಿ ಕಡಿಂದ ಸೈಕಲ್ ಹೊಡಕೋತ ಬಂದ ಮಂದಿ ಜೋಡಿ ತನ್ನ ಖಟಾರಾ ಸೈಕಲ್ ಮ್ಯಾಲೆ ಕಲಘಟಗಿತನಕ ಪೈಪೋಟಿ ಹೊಡದ. ಅವರು ಖುಷಿಯಾಗಿ ತಮ್ಮದೊಂದು ಹಳೇ ಗೇರ್ ಸೈಕಲ್ ಕೊಟ್ರು, ತೆಲ್ಯಾಗ ಒಂದು ಹುಚ್ಚೂ ತುಂಬಿದ್ರು: ಟ್ರಯಥ್ಲಾನ್. ಗೋವಾದ ಸಮುದ್ರದಾಗ ಎರಡು ಕಿಲೋಮೀಟರ್ ಈಸೂದು, ಎದ್ದು ಬಂದು ತೊಂಬತ್ತು ಕಿಲೋಮೀಟರ್ ಸೈಕಲ್, ಇಳದು ಇಪ್ಪತ್ತೊಂದು ಕಿಲೋಮೀಟರ್ ಓಟ. ಒಂದ ದಿನದಾಗ! ಕೇಳಿ ನನಗ ತೆಲಿ ತಿರುಗ್ತು.

"ಲೇ, ಯಾರರೆ ಬೆನ್ನ ಹತ್ಯಾರೇನು ನಿನಗ?" ಅಂದೆ.

"ಮಲ್ಲಕ್ಕಾ, ಸೈಕಲ್, ಓಟ ನಾ ನೋಡ್ಕೊಂತೇನಿ. ಈಸಾಕ ನಿಮ್ಮ ಬಾವಿ ಕೊಡ್ರಿ" ಅಂದ.

ಕೊಟ್ಟೆ. ತವರಮನ್ಯಾಗ ಅಣ್ಣಂದಿರ ಜೋಡಿ ಈಸ ಕಲತಾಕಿ ನಾನು. ಅವನ ಸೊಂಟಕ್ಕ ಹಗ್ಗ ಕಟ್ಟಿ, ಬೈದು ಬೈದು ನಾನ ಕಲಿಸಿದೆ. ನಮ್ಮ ಬಾವಿ ದುಂಡಂದು. ಅದರಾಗ ಅಂವ ಸುತ್ತ ಹೊಡಿಯೂದು, ನಾ ದಂಡಿಗೆ ಕುಂತು ಸುತ್ತಿಗೊಂದು ಗೊಂಜಾಳ ಕಾಳು ಸೆರಗಿಗೆ ಹಾಕ್ಕೊಳ್ಳೂದು. ಎರಡು ವರ್ಷ ಹಿಂಗ ನಡೀತು.

ಹೋದ ವರ್ಷ ಗೋವಾಕ್ಕ ಹ್ವಾದ. ಎಪ್ಪತ್ತು ಮಿನಿಟಿನೊಳಗ ಸಮುದ್ರದಿಂದ ಎದ್ದು ಬರಬೇಕಿತ್ತು, ಬರಲಿಲ್ಲ. ದೋಣ್ಯಾಗ ಹಾಕ್ಕೊಂಡು ತಂದ್ರು, ಸೈಕಲ್ ಮುಟ್ಟಾಕೂ ಬಿಡಲಿಲ್ಲ. ಊರ ಮಂದಿಗೆ ಅಷ್ಟ ಸಾಕಾತು. "ಊರಿಗೆಲ್ಲ ನೀರು ಬಿಡಾಂವ ನೀರಾಗ ಸೋತ ಬಂದ" ಅಂತ ಕಟ್ಟಿಗೆ ಕುಂತು ನಗತಿದ್ರು. ಅಂವ ಸೈಕಲ್ಲಿಗೆ ಗೋಣಿಚೀಲ ಹೊಚ್ಚಿ ಮೂಲ್ಯಾಗ ನಿಲ್ಲಿಸಿಬಿಟ್ಟ. ಅವನ ಹೆಂಡ್ತಿ ಮುಸರತ್ ನನ್ನ ಮುಂದ ಕಣ್ಣೀರು ಹಾಕಿದ್ಲು: "ಊಟಾ ಬರೋಬ್ಬರಿ ಮಾಡವಲ್ರು ಅಕ್ಕಾ. ಇನ್ನೊಂದ ಸಲ ಹೋಗ್ತಾರಂತ. ಆಗಲಿಲ್ಲಂದ್ರ ಸೈಕಲ್ ಮಾರಿ ಸುಮ್ಮನಾಗ್ತಾರಂತ."

ಮುನಾಫನ್ನ ಕರಸಿ ಕೇಳಿದೆ, ಅಲ್ಲೆ ಏನಾತಂತ.

"ನಾ ನೆಟ್ಟಗ ಹೊಂಟೇನಂತ ತಿಳಕೊಂಡಿದ್ದೆ ಅಕ್ಕಾ. ದೋಣ್ಯಾಗಿನಾಂವ ಸೀಟಿ ಹೊಡದು ಹೊಡದು ಬಲಕ್ಕ ಬಾ, ಬಲಕ್ಕ ಬಾ ಅಂತಿದ್ದ. ಎಷ್ಟು ಸಲ ತಿರುಗಿದ್ರೂ ಎಡಕ್ಕ ಹೋಗತಿದ್ದೆ."

ಎರಡು ವರ್ಷ ನಾ ಎಣಿಸಿದ ಸುತ್ತೆಲ್ಲ ಎಡಗಡೀವ! ಒಂದ ದಿನಾನೂ ಬಲಕ್ಕ ತಿರುಗೋ ಅಂತ ನಾ ಹೇಳಿದ್ದಿಲ್ಲ. ಸೋತಾಂವ ಅಂವ, ತಪ್ಪು ನಂದು.

ನಮ್ಮವರು ಇದ್ದಾಗ ಕೂರಿಗಿ ಹೂಡಿ ಬಿತ್ತುವಾಗ ಎತ್ತಿನ ಕಾಲು ನೋಡತಿದ್ದಿಲ್ಲ. ಎದರಿನ ಬದುವಿನ ಮ್ಯಾಗಿನ ಒಂದು ಗಿಡದ ಮ್ಯಾಲೆ ಕಣ್ಣಿಟ್ಟು ಬಿತ್ತತಿದ್ರು. ಗಿಡ ಇಲ್ಲದ ಕಡೆ ಮೊದಲನೇ ಸಾಲಿಗೆ ನನ್ನ ನಿಂದರಸತಿದ್ರು. "ಅಳ್ಳಾಡಬ್ಯಾಡ" ಅಂತಿದ್ರು. ಸಾಲು ಮುಗಿಸಿ ನನ್ನ ಮುಂದ ಎತ್ತು ನಿಲ್ಲಿಸಿ ಕೇಳತಿದ್ರು, "ನೆಟ್ಟಗ ಬಂದ್ನ್ಯಾ?" ನಾ ಹೂಂ ಅಂದಮ್ಯಾಲೇ ಎತ್ತು ತಿರುಗಿಸೂದು. ಕೂರಿಗಿ ಸುದ್ದಿ ಮುನಾಫಗ ಹೇಳಿದೆ. ಅವರು ಕಡೀಕ ಕೇಳತಿದ್ದ ಆ ಮಾತು ಮಾತ್ರ ಹೇಳಲಿಲ್ಲ, ಅದು ನಮ್ಮಿಬ್ಬರದು.

"ಹೋಗುವಾಗ ನೀರಾಗ ತೇಲಿಬಿಟ್ಟ ಕೆಂಪ ಬುಗ್ಗಿ ನೋಡು. ಬರುವಾಗ ನನ್ನ ನೋಡು. ನಾ ಬರ್ತೇನಿ" ಅಂದೆ.

ಈ ವರ್ಷ ಅವನ ಜೋಡಿ ನಾನು, ಮುಸರತ್ ಇಬ್ಬರೂ ಹ್ವಾದಿವಿ. ದಂಡಿ ತುಂಬ ತೆಂಗಿನ ಗಿಡ, ಒಂದರಹಂಗ ಇನ್ನೊಂದು. ಯಾವುದನ್ನಂತ ಗುರ್ತ ಹಿಡಿಯೂದು? ನಾ ಕೆಂಪ ಇಳಕಲ್ ಸೀರಿ ಉಟ್ಟು, ಈಸಾವರು ಎದ್ದು ಬರೂ ಜಾಗಾದ ಬಾಜು ಉಸುಕಿನ ದಿಬ್ಬದ ಮ್ಯಾಲೆ ನಿಂತೆ. ಅಲ್ಲೀ ಹುಡುಗಿಯೊಬ್ಬಾಕಿ ಕುರ್ಚಿ ತಂದ್ಲು. "ಕುಂತ್ರ ನಾ ಅವಗ ಕಾಣೂದಿಲ್ಲ ಯವ್ವಾ, ಒಯ್ಯಿ" ಅಂದೆ. ಕನ್ನಡ ಬರದಿದ್ರೂ ನನ್ನ ಮಾರಿ ನೋಡಿ ಆಕಿಗೆ ತಿಳೀತು. ಮೊಣಕಾಲು ಅಗದಿ ನೋಯಾಕತ್ತಿದ್ವು. ಅಳ್ಳಾಡಲಿಲ್ಲ.

ಮುಸರತ್ ಮೊಬೈಲ್ ನೋಡ್ಕೋತ ಇದ್ಲು. "ಅರವತ್ತು ಮಿನಿಟ್ ಆತು ಅಕ್ಕಾ... ಅರವತ್ಮೂರು..." ಅಷ್ಟರಾಗ ಒಂದು ಹಳದಿ ಟೊಪ್ಪಿಗಿ ನೀರಿಂದ ಮ್ಯಾಲೆದ್ದು ನನ್ನ ಕಡೆ ನೋಡಿ ಮುಳುಗ್ತು. ಮತ್ತ ಎದ್ತು, ಮತ್ತ ನೋಡ್ತು. ಅರವತ್ತಾರಕ್ಕ ಮುನಾಫ್ ಉಸುಕಿನ ಮ್ಯಾಲೆ ನಿಂತ. ಸೈಕಲ್ ಕಡೆ ಓಡಬೇಕಾದಾಂವ ನನ್ನ ಮುಂದ ಬಂದು, ಮಾರಿ ಮ್ಯಾಲಿನ ಉಪ್ಪನೀರು ಒರಸಿಗೊಂಡು ಕೇಳಿದ:

"ಅಕ್ಕಾ, ನೆಟ್ಟಗ ಬಂದ್ನ್ಯಾ?"

ನಮ್ಮವರು ಹೋಗಿ ಒಂಬತ್ತು ವರ್ಷ ಆತು.

"ನೆಟ್ಟಗ ಬಂದಿ, ಖೋಡಿ! ಓಡು, ಸೈಕಲ್ ಹತ್ತು!" ಅಂದೆ.

ಅಂವ ಓಡಿದ. ಉಳದ ಎರಡನ್ನೂ ಇಳಿಹೊತ್ತಿಗೆ ಮುಗಿಸಿದ, ಅದು ಅವಗ ದೊಡ್ಡ ಮಾತಲ್ಲ. ನಾ ಮಾತ್ರ ಅಲ್ಲೇ ಉಸುಕಿನ್ಯಾಗ ಕುಂತು, ಮುಸರತ್ ಬಂದು ಎಬ್ಬಿಸೂತನಕ ಅತ್ತೆ.