ಮೇಸ್ತ್ರಿ ಕಲಿಸಿದ ಲಾಂಗ್ ಫೇಸ್

ಅವರ ಬಲಗೈ ತೋರುಬೆರಳಿಗೆ ಉಗುರಿರಲಿಲ್ಲ. ಆ ಬೆರಳನ್ನು ಗದ್ದದ ಕೆಳಗಿಟ್ಟು ತಮ್ಮ ಗುಂಪಿನ ಒಬ್ಬೊಬ್ಬ ಆಳಿನ ಮುಖವನ್ನೂ ಮೇಸ್ತ್ರಿ ಬೆಳಕಿಗೆ ಎತ್ತಿ ನೋಡುತ್ತಿದ್ದರು. ಆಮೇಲೆಯೇ ನಾನು ಗಣಿ ಕಚೇರಿಯ ಕಿಟಕಿಯಿಂದ ಅವನ ನಂಬರಿನ ಹಿತ್ತಾಳೆ ಬಿಲ್ಲೆ ಕೊಡಬೇಕು. ಬಿಲ್ಲೆಯಿಲ್ಲದೆ ಯಾರೂ ಚಿನ್ನದ ಗಣಿಗೆ ಇಳಿಯುವಂತಿರಲಿಲ್ಲ. ನಾನಾಗ ಬಂಗಾರಪೇಟೆಯಿಂದ ರೈಲಿನಲ್ಲಿ ಬಂದುಹೋಗುತ್ತಿದ್ದ ಹೊಸ ಗುಮಾಸ್ತ.

ಮುಖ ಇಳಿಬಿಟ್ಟು ಬಂದವನನ್ನು ಅವರು ಸಾಲಿನಿಂದ ಈಚೆಗೆ ಎಳೆಯುತ್ತಿದ್ದರು. "ಲಾಂಗ್ ಫೇಸು! ಯಾಕ್ಲಾ?" ಅವನು ಬಾಯಿ ಬಿಡುವವರೆಗೆ ಪಕ್ಕದ ಮರದ ದಿಮ್ಮಿಯ ಮೇಲೆ ಅವನ ಜೊತೆ ಕೂರುತ್ತಿದ್ದರು. ಮನಸ್ಸನ್ನು ಮನೆಯಲ್ಲಿಟ್ಟು ಬಂದವನಿಗೆ ತಲೆಯ ಮೇಲಿನ ಕಲ್ಲು ಬಿರಿಯುವ ಸದ್ದು ಕೇಳಿಸದು ಎಂಬ ಭಯ ಅವರಿಗೆ. ಅಂಥವನಿಗೆ ಅಂದು ಗಣಿಗಿಳಿಯದೆ ಮೇಲೆಯೇ, ಸುರಂಗದ ಆಸರೆಗೆ ಬೇಕಾದ ಮರ ಕುಯ್ಯುವ ಕೆಲಸ. ಹೋದ ತಿಂಗಳು ಅವರು ತೀರಿಕೊಂಡ ಮೇಲೆ ನನ್ನ ಹಳೆಯ ದಿನಚರಿ ತೆಗೆದು ಎಣಿಸಿದೆ: ನನ್ನ ಮೊದಲ ಆರು ತಿಂಗಳಲ್ಲಿ ಹೀಗೆ ಮೇಲೆಯೇ ನಿಂತವರು ಇಪ್ಪತ್ತಮೂರು ಮಂದಿ.

ಆ ಇಂಗ್ಲಿಷ್ ಮಾತು ಎಲ್ಲಿ ಸಿಕ್ಕಿತು ಎಂದು ಒಮ್ಮೆ ಕೇಳಿದ್ದೆ.

"ನಮ್ಮಪ್ಪ ಸತ್ತು ಮೂರ್ನೇ ದಿನ ಕೆಲ್ಸಕ್ಕೆ ಬಂದಿದ್ದೆ. ಬಿಳೀ ದೊರೆ ನನ್ ಮಕ ನೋಡಿ 'ವೈ ಲಾಂಗ್ ಫೇಸ್' ಅಂದ. ಯಾಕಿಂಗೆ ಮಕ ಇಳಿಬಿಟ್ಟಿದ್ದೀಯಾಂತ. ಕೇಳ್ದ, ಒಂಟೋದ. ಕೇಳ್ದೋನು ನಿಂತ್ಕಬೇಕು ಗುಮಾಸ್ತಪ್ಪಾ."

ಒಂದು ಗುರುವಾರ ಅವರು ಯಾರ ಗದ್ದವನ್ನೂ ಮುಟ್ಟಲಿಲ್ಲ. ನನ್ನತ್ತ ನೋಡದೆ ಕಿಟಕಿಯೊಳಕ್ಕೆ ಕೈ ಚಾಚಿದರು. ನಾನು ಅವರ ಬಿಲ್ಲೆಯನ್ನು ಮುಷ್ಟಿಯಲ್ಲೇ ಹಿಡಿದುಕೊಂಡೆ.

"ಯಾಕೆ ಮೇಸ್ತ್ರಿ, ಲಾಂಗ್ ಫೇಸು?"

"ಏನಿಲ್ಲ. ಕೊಡು."

"ಹೇಳೋವರೆಗೂ ಕೊಡಲ್ಲ."

ಹಿಂದಿನಿಂದ ಒಬ್ಬ ಕೂಗಿದ: "ಮೀಸೆ ಬರ್ದಿರೋ ಗುಮಾಸ್ತ ಮೇಸ್ತ್ರೀನೇ ನಿಲ್ಸವ್ನೆ ನೋಡ್ರಲಾ!"

ಸಾಲೆಲ್ಲ ನಕ್ಕಿತು. ಮೇಸ್ತ್ರಿ ಹಲ್ಲು ಕಚ್ಚಿದರು. ನಾನು ಬಾಗಿಲು ತೆರೆದು ಹೊರಗೆ ಬಂದು ದಿಮ್ಮಿಯ ಮೇಲೆ ಕುಳಿತೆ. ಕೊನೆಗೆ ಅವರೂ ಕುಳಿತರು.

"ಕಾಮಸಮುದ್ರದಾಗೆ ಮಗ್ಳಿಗೆ ಎರಡು ದಿನದಿಂದ ನೋವು. ಹೆರಿಗೆ ಆಗ್ತಿಲ್ಲ. ನಾನಿಲ್ದೆ ಈ ನನ್ಮಕ್ಳು ಒಳ್ಗೆ ಎಂಗೆ ಇಳೀತಾರೆ?"

"ಇವತ್ತು ಬೇರೆ ಮೇಸ್ತ್ರಿ ಜೊತೆ ಇಳೀತಾರೆ. ನೀವು ಬಸ್ಸಿಗೆ ಹೋಗಿ."

ಕೂಗಿದ್ದ ಆಳೇ ಅವರ ಊಟದ ಡಬ್ಬಿಯನ್ನು ತಂದು ಕೈಗೆ ಕೊಟ್ಟ. ನಗು ನಿಂತಿತ್ತು.

ಐದನೆಯ ದಿನ ಮರಳಿದರು. ಮೊಮ್ಮಗು ಬದುಕಿತ್ತು, ಮಗಳು ಉಳಿದಿರಲಿಲ್ಲ. "ನನ್ನ ನೋಡಿ, 'ಅಪ್ಪಾ, ಕೆಲ್ಸ ಬಿಟ್ಟು ಬಂದ್ಯಾ' ಅಂದ್ಲು," ಎಂದರು. "ಆಮೇಲೆ ಮಾತಾಡ್ಲಿಲ್ಲ."

ಅಂದು ಅವರು ಬಿಲ್ಲೆ ಕೇಳಲಿಲ್ಲ. ಹನ್ನೊಂದು ದಿನ ಮೇಲೆಯೇ ಮರ ಕುಯ್ದರು. ಹನ್ನೆರಡನೆಯ ದಿನ ಕಿಟಕಿಯ ಮುಂದೆ ಬಂದು ನಿಂತರು.

"ನೋಡಪ್ಪಾ, ಇಳೀಬೋದಾ?"

ನನಗಾಗ ಇಪ್ಪತ್ತು ವರ್ಷ; ಅವರು ಗಣಿಗೆ ಇಳಿಯಲು ತೊಡಗಿ ಅದಕ್ಕಿಂತ ಹೆಚ್ಚು ವರ್ಷವಾಗಿತ್ತು. ಸಾಲು ಕಾಯುತ್ತಿತ್ತು. ನಾನು ಅವಸರ ಮಾಡದೆ ಅವರ ಮುಖ ನೋಡಿದೆ.

"ಇನ್ನೆರಡು ದಿನ ಬೇಡ ಮೇಸ್ತ್ರಿ."

"ಆಗ್ಲಪ್ಪಾ," ಎಂದು ಗರಗಸ ಎತ್ತಿಕೊಂಡು ಹೋದರು.