ಒಗೆಯೋ ಕಲ್ಲಿನ ಸ್ಕಾಲರ್‌ಶಿಪ್ಪು

ಶ್ರೀರಂಗಪಟ್ಟಣದ ಬಸ್‌ ಸ್ಟ್ಯಾಂಡ್ ಹತ್ತಿರ ಒಂದು ಪ್ಲಾನ್ ಆಫೀಸಿನಲ್ಲಿ ನಾನು ಒಂದು ವರ್ಷ ಮನೆ ನಕ್ಷೆ ಬರೆದೆ. ಮೂವತ್ತು ನಲವತ್ತರ ಸೈಟು, ಆಗ್ನೇಯಕ್ಕೆ ಅಡುಗೆಮನೆ, ಈಶಾನ್ಯಕ್ಕೆ ದೇವರಮನೆ, ಉಳಿದ ಜಾಗದಲ್ಲಿ ಮನುಷ್ಯರು ಹೆಂಗೋ ಇರ್ಕೊಳ್ಳಲಿ. ಚೆನ್ನಾಗೇ ಬರೀತಿದ್ದೆ. ಜಂಬ ಅಂದ್ಕೊಂಡ್ರೆ ಅಂದ್ಕೊಳ್ಳಿ, ಬೇರೆಯವರು ಎರಡು ದಿನ ಎಳೆಯೋ ಕೆಲಸನ ನಾನು ಮಧ್ಯಾಹ್ನದ ಊಟದೊಳಗೆ ಮುಗಿಸಿ ಕೈ ತೊಳ್ಕೊಳ್ತಿದ್ದೆ. ಆದ್ರೆ ನನಗೆ ಬೇಕಾಗಿದ್ದು ಅದಲ್ಲ. ಪರಿಸರ ವಿನ್ಯಾಸದಲ್ಲಿ ಮುಂದಿನ ಡಿಗ್ರಿ ಓದೋಕೆ ಯೂನಿವರ್ಸಿಟೀಲಿ ಸೀಟು ಸಿಕ್ಕಿತ್ತು, ಫೀಸು ಕಟ್ಟೋ ಶಕ್ತಿ ಮನೇಲಿರಲಿಲ್ಲ. ಆ ವಿಷಯ ಓದೋರಿಗೇ ಅಂತ ಒಂದು ಟ್ರಸ್ಟಿನವರು ವರ್ಷಕ್ಕೆ ಒಬ್ಬರಿಗೆ, ಒಬ್ಬರಿಗೆ ಮಾತ್ರ, ಓದಿನ ಖರ್ಚು ಪೂರ್ತಿ ಕೊಡ್ತಿದ್ದರು. ಬಂದ್ರೆ ಓದು, ಬರದಿದ್ರೆ ಈಶಾನ್ಯದ ದೇವರಮನೆಯೇ ಗತಿ.

ಅರ್ಜಿ ಜೊತೆ ಆದಾಯದ ಸರ್ಟಿಫಿಕೇಟು ಇಡಬೇಕಿತ್ತು. ಅದಕ್ಕೆ ಸಂತೆಬಾಚಹಳ್ಳಿ ನಾಡಕಚೇರೀಲಿ ಕ್ಯೂ ನಿಂತಿದ್ದಾಗ ಪಕ್ಕದಲ್ಲಿದ್ದ ತಾತ ಒಬ್ಬರು, "ಏನ್ ಓದ್ತೀಯವ್ವ?" ಅಂತ ಕೇಳಿದರು. ಹೇಳಿದೆ.

"ಅಂಗಂದ್ರೆ? ಗಿಡ ನೆಡಾದಾ?"

"ಗಿಡ ಒಂದೇ ಅಲ್ಲ ತಾತ. ಕೆರೆ, ರಸ್ತೆ, ಮರ, ದನ, ಜನ ಎಲ್ಲಾ ಹೊಂದ್ಕೊಂಡು ಇರೋ ಹಂಗೆ ಜಾಗ ಮಾಡೋದು."

ತಾತ ತಲೆ ಆಡಿಸಿ, "ಅದ ನಮ್ ಕಾಲ್ದಲ್ಲಿ ಓದ್ದೇನೇ ಮಾಡ್ತಿದ್ರು ಕಣವ್ವ" ಅಂದರು. ಕ್ಯೂನಲ್ಲಿದ್ದೋರೆಲ್ಲ ನಕ್ಕರು. ನಾನೂ ನಕ್ಕೆ, ಆದ್ರೆ ಮೈ ಉರೀತು.

ಅರ್ಜಿ ಜೊತೆ ಒಂದು ಡ್ರಾಯಿಂಗೂ ಬೇಕಿತ್ತು, ನಮಗೆ ಚೆನ್ನಾಗಿ ಗೊತ್ತಿರೋ ಒಂದು ಜಾಗಕ್ಕೆ ವಿನ್ಯಾಸ ಮಾಡಿದ್ದು. ನಾನು ನಮ್ಮೂರ ಕೆರೆ ಹಿಡ್ಕೊಂಡೆ. ನಮ್ಮೂರು ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಬಸ್ಸಿಳಿದು ಒಂದು ಮೈಲಿ ನಡೀಬೇಕು. ಕೆರೆ ದಡದಲ್ಲಿ ಮನೆಗೊಂದರಂತೆ ಒಗೆಯೋ ಕಲ್ಲು. ಇಬ್ಬರು ಹೆಂಗಸರು ಕೈ ಹಾಕಿದ್ರೆ ಜರುಗುತ್ತೆ. ಬೇಸಿಗೇಲಿ ನೀರು ಇಳಿದಂಗೆಲ್ಲ ಕಲ್ಲುಗಳೂ ಕೆಳಗಿಳೀತವೆ, ನಾಲೆ ನೀರು ಬಂದು ಕೆರೆ ತುಂಬಿದಂಗೆ ಮೇಲೆ ಬರ್ತವೆ. ಎಷ್ಟು ಸಲ ಜರುಗಿದ್ರೂ ಸಾಲು ಕೆಡಲ್ಲ, ನಮ್ಮ ಕಲ್ಲಿನ ಪಕ್ಕ ದೊಡ್ಡಮ್ಮನ ಕಲ್ಲೇ. ಸರ್ಕಾರದ ಕಾಂಕ್ರೀಟ್ ಮೆಟ್ಟಿಲು ಬೇರೆ ಒಂದಿದೆ, ಎತ್ತರಕ್ಕೆ, ಬೇಸಿಗೇಲಿ ಅದು ಒಂದು ಕಡೆ, ನೀರು ಒಂದು ಕಡೆ. ಮಳೆಗಾಲದಲ್ಲಿ ಅದರ ಮೇಲೆ ಜಾರಿ ಬೀಳದ ಮುದುಕಿ ಇಲ್ಲ. ಅದಕ್ಕೆ ನಾನು ನೀರಿನ ಜೊತೆ ಇಳಿಯೋ ಅಗಲವಾದ ತಗ್ಗು ಜಗಲಿಗಳನ್ನ ಬರೆದೆ, ಒಂದೊಂದು ಜಗಲಿ ಮೇಲೂ ಸಾಲಿನ ಹನ್ನೆರಡು ಕಲ್ಲಿಗೂ ಜಾಗ, ದನಕ್ಕೆ ಬೇರೆ ಇಳಿಜಾರು, ಕೊನೇಲಿ ಹೊಂಗೆ ಮರದ ನೆರಳಲ್ಲಿ ಕೂರೋ ಕಟ್ಟೆ. ಬರೆದು ಮುಗಿಸಿ ದೂರ ನಿಂತು ನೋಡಿದಾಗ, ಇದು ಸೋಲಲ್ಲ ಅನ್ನಿಸ್ತು.

ಸೋಲಲೂ ಇಲ್ಲ. ಕೊನೇ ಸುತ್ತಿಗೆ ಉಳಿದ ಕೆಲವರಲ್ಲಿ ನಾನೂ ಒಬ್ಬಳು. ಜಾಗ ಕಣ್ಣಾರೆ ನೋಡೋಕೆ ಇಬ್ಬರು ತೀರ್ಪುಗಾರರು ಬರ್ತಾರೆ ಅಂತ ಪತ್ರ ಬಂತು. ಪಂಚಾಯ್ತಿ ಮೆಂಬರಾಗಿದ್ದ ದೊಡ್ಡಪ್ಪನಿಗೆ ಫೋನ್ ಮಾಡಿ ಹೇಳಿದೆ. "ನೀನೇನು ಯೋಚ್ನೆ ಮಾಡ್ಬ್ಯಾಡ ಮಗ, ಎಲ್ಲಾ ನಾನ್ ನೋಡ್ಕತೀನಿ" ಅಂದ. ಆ ಮಾತು ಕೇಳಿದ ತಕ್ಷಣ ನಾನು ಯೋಚ್ನೆ ಮಾಡಬೇಕಿತ್ತು!

ಆ ದಿನ ತೀರ್ಪುಗಾರರನ್ನ ಪಾಂಡವಪುರ ಸ್ಟೇಷನ್ನಿನಲ್ಲಿ ಇಳಿಸ್ಕೊಂಡು ಬಾಡಿಗೆ ಕಾರಲ್ಲಿ ಕರ್ಕೊಂಡು ಬಂದೆ. ಕನ್ನಡಕದ ಹಿರಿಯ ಮೇಡಂ ಒಬ್ಬರು, ಜೊತೆಗೆ ಮಾತು ಕಮ್ಮಿಯ ಒಬ್ಬರು ಸಾರು. ಕೆರೆ ಏರಿ ಹತ್ತಿ ಕೆಳಗೆ ನೋಡ್ತೀನಿ, ಅಯ್ಯೋ ದೇವರೇ, ಒಂದು ಕಲ್ಲಿಲ್ಲ! ದಡ ಪೂರ್ತಿ ಮಟ್ಟ ಮಾಡಿ ಗ್ರಾವಲ್ ಸುರಿಸಿದ್ದಾರೆ. ಶಾಮಿಯಾನ, ಕುರ್ಚಿ, ಟೇಬಲ್ ಮೇಲೆ ಬಿಳೀ ಬಟ್ಟೆ. ನೀರಿನ ಅಂಚಿನವರೆಗೂ ರಂಗೋಲಿ. ಊರಿನ ಹೆಂಗಸರೆಲ್ಲ ರೇಷ್ಮೆ ಸೀರೆ ಉಟ್ಟು ಆರತಿ ತಟ್ಟೆ ಹಿಡ್ಕೊಂಡು ನಿಂತಿದ್ದಾರೆ. ನಮ್ಮೋರಿಗೆ ಇದೊಂದು ರೋಗ. ಹೊರಗಿನೋರು ಬರ್ತಾರೆ ಅಂದ್ರೆ ದಿನಾ ಮಾಡೋ ಕೆಲಸನ ಬಚ್ಚಿಡೋದು, ಅದೇನೋ ನಾಚಿಕೆಗೇಡು ಅನ್ನೋ ಥರ.

ಮೇಡಂ ನನ್ನ ಡ್ರಾಯಿಂಗ್ ಬಿಡಿಸಿ ಹಿಡ್ಕೊಂಡು ಒಮ್ಮೆ ಅದನ್ನ, ಒಮ್ಮೆ ದಡವನ್ನ ನೋಡಿದರು. "ಕಲ್ಲುಗಳೆಲ್ಲಿ?"

"ಎಲ್ಲಾ ಎತ್ತಿಸ್ಬುಟ್ಟೆ ಮೇಡಂ" ಅಂದ ದೊಡ್ಡಪ್ಪ, ಎದೆ ಉಬ್ಬಿಸಿ. "ನೋಡಿ, ಎಂಗದೆ ಕ್ಲೀನಾಗಿ!"

"ಚೆನ್ನಾಗೇ ಇದೆಯಲ್ಲ. ಹಾಗಾದ್ರೆ ಇಲ್ಲಿ ವಿನ್ಯಾಸ ಮಾಡೋಕೆ ಏನಿದೆ?" ಅಂತ ನನ್ನ ಕಡೆ ತಿರುಗಿದರು.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. "ಏನ್ ಕೆಲ್ಸ ಮಾಡ್ಬುಟ್ಟೆ ದೊಡ್ಡಪ್ಪ! ನಾನು ಓದೋದೇ ಆ ಕಲ್ಲಿನ ಮೇಲೆ ನಿಂತಿತ್ತಲ್ಲ!" ಅಂತ ಎಲ್ಲರ ಮುಂದೆ ಕೂಗಾಡಿದೆ. ದೊಡ್ಡಪ್ಪನ ಮುಖ ಸಣ್ಣದಾಯ್ತು. "ಮರ್ವಾದೆಗೆ ಅಂತ ಮಾಡ್ಸ್ದೆ ಕಣಮ್ಮೀ" ಅಂದ. ಪಾಪ, ಅವನ ತಪ್ಪೇನಿಲ್ಲ, ಆದ್ರೆ ಆ ಹೊತ್ತಿಗೆ ನನಗೆ ಪಾಪ ಅನ್ನಿಸಲಿಲ್ಲ. ಕಲ್ಲುಗಳನ್ನ ಏರಿ ಹಿಂದೆ ರಾಶಿ ಹಾಕಿಸಿದ್ದ. ನಾನು ಹೆಂಗಸರ ಕಡೆ ತಿರುಗಿ, "ಆರತಿ ತಟ್ಟೆ ಕೆಳಗಿಡಿ. ನಿಮ್ಮ ನಿಮ್ಮ ಕಲ್ಲು ಹುಡುಕ್ಕೊಂಡು ತಗೊಂಡು ಬನ್ನಿ" ಅಂದೆ.

ಮೊದಲು ಎಲ್ಲರೂ ತಮ್ಮ ತಮ್ಮ ರೇಷ್ಮೆ ಸೀರೆ ನೋಡ್ಕೊಂಡರು. ಆಮೇಲೆ ಅವ್ವ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅಷ್ಟೇ ಸಾಕಾಯ್ತು. ರಾಶಿ ಹತ್ತಿರ ಗಲಾಟೆಯೋ ಗಲಾಟೆ. "ಅದು ನಂದು ಕಣೇ, ತಗ್ಗು ನೋಡು, ನಮ್ಮತ್ತೆ ಒಗ್ದೂ ಒಗ್ದೂ ಬಿದ್ದಿರಾದು!" "ಕಣ್ ಬುಟ್ಟು ನೋಡು, ನಿಂದು ಮೂಲೆ ಒಡ್ದದೆ!" ರೇಷ್ಮೆ ಸೀರೇಲೇ ಇಬ್ಬಿಬ್ಬರು ಸೇರಿ ಕಲ್ಲು ತಂದು, ಗ್ರಾವಲ್ ಬದಿಗೆ ಸರಿಸಿ, ಅವತ್ತಿನ ನೀರಿನ ಅಂಚಿಗೆ ಇಟ್ಟರು. ಸಾಲು ಒಂದು ಗೇಣು ಕೆಡಲಿಲ್ಲ. ಮೇಡಂ ಡ್ರಾಯಿಂಗ್ ಹಿಡಿದು ಒಂದೊಂದೇ ಎಣಿಸಿದರು. ಹನ್ನೆರಡು. ಅವರ ಮುಖದಲ್ಲಿ ನಗು ಕಂಡಾಗ, ಸ್ಕಾಲರ್‌ಶಿಪ್ಪು ನನ್ನ ಕೈಗೆ ಬಂತು ಅಂತಲೇ ಲೆಕ್ಕ ಹಾಕ್ಬಿಟ್ಟೆ.

ಅಷ್ಟರಲ್ಲಿ ಏರಿ ಹಿಂದಿನಿಂದ ಆ ಸಾರು ಕರೆದರು. "ಇಲ್ಲಿ ಇನ್ನೂ ಮೂರು ಉಳಿದಿವೆಯಲ್ಲ, ಇವು ಯಾರವು?"

ದೊಡ್ಡಮ್ಮ ಕೈಗೆ ಅಂಟಿದ್ದ ಕೆಸರು ಕೊಡವಿ, "ಅವು ಯಾರವೂ ಅಲ್ಲ ಬುಡಿ ಸಾರ್" ಅಂದಳು.

"ನಮ್ಮವು" ಅಂತ ಒಂದು ದನಿ ಬಂತು.

ಶಾಮಿಯಾನದ ಹೊರಗೆ, ಹೊಂಗೆ ಮರದ ಹತ್ತಿರ ಕಾಲೋನಿಯ ಒಬ್ಬ ಅಕ್ಕ ನಿಂತಿದ್ದಳು. ಊರಾಚೆ ಕಾಲೋನಿಯೋರು ಒಗೆಯೋದು ಆ ಕೊನೇಲೇ, ದನ ಇಳಿದು ನೀರು ಬಗ್ಗಡ ಆಗೋ ಕಡೆ. ಅವತ್ತು ಆರತಿಗೆ ಅವರನ್ನ ಯಾರೂ ಕರೆದಿರಲಿಲ್ಲ. ಅವಳು ಕಲ್ಲಿನ ಹತ್ತಿರ ಬಂದು ನನ್ನನ್ನ ನೋಡಿ, "ನಮ್ದ ಎಲ್ಲಿಕ್ಕಾದು, ಯೋಳವ್ವ. ನಿನ್ ಪೇಪರ್ನಲ್ಲಿ ಎಲ್ಲದೆ?" ಅಂದಳು.

ಪೇಪರಿನಲ್ಲಿ ಇರಲಿಲ್ಲ. ಆ ಜಾಗದಲ್ಲಿ ನಾನು ನೆರಳು ಬರೆದಿದ್ದೆ, ಕೂರೋ ಕಟ್ಟೆ ಬರೆದಿದ್ದೆ.

"ನೀನು ಅಳ್ತೆ ತಕ್ಕೊಂಡ ದಿನ ಟೇಪಿನ ತುದಿ ಇಡ್ಕೊಂಡಿದ್ದೋಳು ನಾನೇ ಕಣವ್ವ" ಅಂದಳು, ಮೆಲ್ಲಗೆ, ಸಿಟ್ಟೇ ಇಲ್ಲದೆ. "ನಮ್ದೂ ಬರ್ಕೊಂಡಿರ್ತೀಯ ಅಂದ್ಕೊಂಡಿದ್ದೆ."

ಹೌದು, ಅವಳೇ. ಒಗೆಯೋದು ಬಿಟ್ಟು, ಒದ್ದೆ ಕೈ ಒರೆಸ್ಕೊಂಡು ಬಂದು ಅರ್ಧ ದಿನ ಹಿಡಿದಿದ್ದಳು. ಅವಳು ಒಗೀತಿದ್ದ ಕಲ್ಲಿನ ಮೇಲೇ ಕಾಲಿಟ್ಟು ನಾನು ಅಳತೆ ಬರ್ಕೊಂಡಿದ್ದೆ. ಅಷ್ಟು ನಾಚಿಕೆ ನನಗೆ ಅದಕ್ಕೆ ಮುಂಚೆ ಯಾವತ್ತೂ ಆಗಿರಲಿಲ್ಲ.

ದೊಡ್ಡಪ್ಪ ಕಿವಿ ಹತ್ತಿರ ಬಂದು, "ಸುಮ್ಕಿರು ಮಗ, ಕೊಡಾಕೆ ಒಪ್ಪವ್ರೆ, ಕೆಡ್ಸ್ಕಬ್ಯಾಡ" ಅಂದ. ಅವು ಈಗ ಯಾರೂ ಒಗೆಯದ ಹಳೇ ಕಲ್ಲು ಅಂತ ನಾನು ಅಂದಿದ್ರೆ ಮುಗಿದೇ ಹೋಗ್ತಿತ್ತು. ಆದ್ರೆ ನಾನು ಡ್ರಾಯಿಂಗ್ ಮೇಲೆ ಬೆರಳಿಟ್ಟು ಹೇಳಿದೆ. "ಮೇಡಂ, ಈ ಡ್ರಾಯಿಂಗ್ ತಪ್ಪಾಗಿದೆ. ಹದಿನೈದು ಕಲ್ಲು ಇರೋ ಕಡೆ ಹನ್ನೆರಡು ಬರೆದಿದೀನಿ. ಆ ಮೂರು ನನ್ನ ಕಣ್ಣಿಗೆ ಬಿದ್ದಿದ್ವು, ಲೆಕ್ಕಕ್ಕೆ ತಗೊಳ್ಳಲಿಲ್ಲ."

ಮೇಡಂ ಡ್ರಾಯಿಂಗ್ ಸುರುಳಿ ಸುತ್ತಿ ನನ್ನ ಕೈಗೇ ವಾಪಸ್ ಕೊಟ್ಟರು. "ಹದಿನೈದು ದಿನದೊಳಗೆ ಸರಿ ಮಾಡಿ ಕಳಿಸು. ಬಾಕಿಯವರ ಜಾಗಗಳನ್ನೂ ನಾವು ಇನ್ನೂ ನೋಡಬೇಕು" ಅಂದರು. ಕೊಡ್ತೀವಿ ಅನ್ನಲೂ ಇಲ್ಲ, ಇಲ್ಲ ಅನ್ನಲೂ ಇಲ್ಲ. ದೊಡ್ಡಪ್ಪ ಮಾಡಿಸಿದ್ದ ಇಡ್ಲಿ ಮಾತ್ರ ತಿಂದು ಹೋದರು.

ಮಾರನೇ ದಿನವೇ ಟೇಪು ತಗೊಂಡು ಕಾಲೋನಿಗೆ ಹೋದೆ. "ನಿಮ್ಮ ಕಲ್ಲು ಎಲ್ಲಿರಬೇಕು ಅಕ್ಕ?" ಅಂತ ಕೇಳಿದೆ. "ನೀರು ತಿಳಿಯಾಗಿರೋ ತಾವು. ಯಾರಾದ್ರೂ ಬಗ್ಗಡ ಕೇಳ್ತಾರಾ?" ಅಂತ ನಕ್ಕಳು. ಅವಳು ಹೇಳಿದ ಕಡೇನೇ ಬರೆದೆ, ಒಂದೇ ಸಾಲಿಗೆ ಹದಿನೈದು. ಅವರ ಮೂರರ ಪಕ್ಕ ಯಾವ ಮನೆ ಕಲ್ಲು ಬರಬೇಕು ಅನ್ನೋ ಪ್ರಶ್ನೆ ಬಂತು. ನಮ್ಮದನ್ನೇ ಬರೆದೆ. ಇನ್ನೊಬ್ಬರ ಮನೆ ಹೆಸರು ಬರೆಯೋಕೆ ನಾನ್ಯಾರು?

ಸ್ಕಾಲರ್‌ಶಿಪ್ಪು ಬಂತು. ಈ ಡ್ರಾಯಿಂಗಿಗೇ ಬಂತು ಅಂತ ಪತ್ರದಲ್ಲಿ ಬರೆದಿದ್ದರು. ಕುಣಿದಾಡಿಬಿಟ್ಟೆ. ಪ್ಲಾನ್ ಆಫೀಸಿನಲ್ಲಿ ಸ್ವೀಟು ಹಂಚಿ, ನಾಗಮಂಗಲದಲ್ಲಿರೋ ಅತ್ತೆಗೆ ಫೋನ್ ಮಾಡಿ ಕಿರುಚಿ, ಸಂಜೆ ಬಸ್ಸಿಗೆ ಊರಿಗೆ ಬಂದು ಮೊದಲು ಕೆರೆ ಹತ್ತಿರ ಹೋದೆ. ಅಕ್ಕ ಒಗೀತಿದ್ದಳು, ಅದೇ ಕೊನೇಲಿ, ಅದೇ ಬಗ್ಗಡದಲ್ಲಿ. ವಿಷಯ ಹೇಳಿದೆ. ಮುಖ ಅರಳಿಸಿ, "ಒಳ್ಳೇದಾಯ್ತು ಬುಡವ್ವ, ಚೆಂದಾಗಿ ಓದು" ಅಂದಳು. ಒಂದು ಸೀರೆ ಹಿಂಡಿ ಪಕ್ಕಕ್ಕಿಟ್ಟು, "ನಿಂಗ್ ಬಂತು. ನಮ್ ಕಲ್ಲು?" ಅಂತ ಕೇಳಿದಳು.

ಜಗಲಿ ಕಟ್ಟಿಸೋದು ನನ್ನ ಕೈಲಿರಲಿಲ್ಲ, ದುಡ್ಡೂ ಅಧಿಕಾರವೂ ಇರಲಿಲ್ಲ. ಊರಿನ ಸಾಲು ಬದಲಾಯಿಸೋದೂ ನನ್ನ ಕೈಲಿರಲಿಲ್ಲ. ಒಂದು ಕಲ್ಲು ಮಾತ್ರ ನಮ್ಮದಿತ್ತು. ಮನೆಗೆ ಹೋಗಿ ಅವ್ವನಿಗೆ ಹೇಳಿದೆ. ಅವ್ವ ಕೇಳ್ಕೊಂಡು ಸೊಪ್ಪು ಬಿಡಿಸ್ತಾ ಕೂತಳು. ಬೆಳಗ್ಗೆ ಎದ್ದು, "ಬಾ, ಆ ಕಡೆ ಇಡ್ಕೊ" ಅಂದಳು. ಇಬ್ಬರೂ ಸೇರಿ ನಮ್ಮ ಕಲ್ಲನ್ನ ಸಾಲಿನಿಂದ ಬಿಡಿಸಿ, ದಡದುದ್ದಕ್ಕೂ ದಬ್ಬಿಕೊಂಡು ಹೋಗಿ, ಅವರ ಕಲ್ಲುಗಳಿಗೆ ತಾಗೋ ಹಾಗೆ ಇಟ್ಟೆವು. ಎಲ್ಲರೂ ಒಗೆಯೋದು ನಿಲ್ಲಿಸಿ ನೋಡ್ತಿದ್ದರು.

"ಅದ್ಯಾಕಮ್ಮೀ ಅಲ್ಲಿ ಇಕ್ತಿದ್ದೀರಾ?" ಅಂತ ದೊಡ್ಡಮ್ಮ ಕೂಗಿದಳು.

"ಸ್ಕಾಲರ್‌ಶಿಪ್ಪು ಕೊಟ್ಟಿರೋ ಡ್ರಾಯಿಂಗಲ್ಲಿ ನಮ್ ಕಲ್ಲು ಇವ್ರ ಕಲ್ಲಿನ ಪಕ್ಕನೇ ಅದೆ ದೊಡ್ಡಮ್ಮ" ಅಂದೆ.